ಬಿಳಿ ಫಿಲ್ಲಿಂಗ್ ಬೀಳುವುದೇಕೆ, ಬಾಳುವುದು ಯಾವಾಗ?

ಪ್ರಶ್ನೆ: ನನಗೆ 38 ವರ್ಷ. ಕೆಳಗಿನ ಎರಡು ದವಡೆ ಹಲ್ಲುಗಳ ಸಂದಿಯಲ್ಲಿ ಹುಳುಕು ಇದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದರು. ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಮಾಡೋಣ ಅಂದರು. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಮುಂದಿನ ಹಲ್ಲಿನ ಮೂಲೆ ಮುರಿದಾಗ ಇದೇ ಕಾಂಪೋಸಿಟ್ ಹಾಕಿಸಿದ್ದೆ, ಎರಡು ಸಲ ಬಿದ್ದುಹೋಯಿತು. ಇನ್ನೊಂದು ಬದಿಯ ಬೆಳ್ಳಿ ಫಿಲ್ಲಿಂಗ್ ಮಾತ್ರ 17 ವರ್ಷದಿಂದ ಅಲ್ಲಾಡಿಲ್ಲ. ಆದರೆ ಅದರಲ್ಲಿ ಪಾದರಸ ಇದೆ, ತೆಗೆಸಿಬಿಡು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಬಿಳಿ ಫಿಲ್ಲಿಂಗ್ ದವಡೆ ಹಲ್ಲಿಗೆ ಆಗಿಬರುತ್ತದಾ? ಎಷ್ಟು ವರ್ಷ ಇರುತ್ತದೆ? ಸ್ನೇಹಿತರೊಬ್ಬರಿಗೆ ಹಾಕಿಸಿದ ಮೇಲೆ ಕಚ್ಚಿದರೆ ನೋವು ಬರುತ್ತಿತ್ತು, ಅದು ಯಾಕೆ?

ಉತ್ತರ: ಬಿದ್ದುಹೋದ ಮುಂದಿನ ಹಲ್ಲಿನಿಂದಲೇ ಶುರು ಮಾಡುತ್ತೇನೆ. ಅದು ಯಾಕೆ ಬಿತ್ತು ಎಂದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕ ಹಾಗೆ.

ಬೆಳ್ಳಿ ಫಿಲ್ಲಿಂಗ್‌ಗೂ ಬಿಳಿ ಫಿಲ್ಲಿಂಗ್‌ಗೂ ಎದ್ದು ಕಾಣುವ ವ್ಯತ್ಯಾಸ ಬಣ್ಣದ್ದು. ನಿಜವಾದ ವ್ಯತ್ಯಾಸ ಅವು ಹಲ್ಲಿನಲ್ಲಿ ನಿಲ್ಲುವ ರೀತಿಯದು. ಬೆಳ್ಳಿ ಫಿಲ್ಲಿಂಗ್ ಹಲ್ಲಿಗೆ ಅಂಟುವುದಿಲ್ಲ. ಅದಕ್ಕಾಗಿ ಗುಂಡಿಯನ್ನು ಮಡಕೆಯ ಹಾಗೆ ಕೊರೆಯುತ್ತಾರೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮೆತ್ತಗಿರುವಾಗ ಒತ್ತಿ ತುಂಬುತ್ತಾರೆ. ಗಟ್ಟಿಯಾದ ಮೇಲೆ ಅದಕ್ಕೆ ಹೊರಗೆ ಬರುವ ದಾರಿಯೇ ಇರುವುದಿಲ್ಲ. ತುಂಬುವಾಗ ಚೂರು ಜೊಲ್ಲು ತಾಗಿದರೂ ದೊಡ್ಡ ಅನಾಹುತವೇನೂ ಆಗುವುದಿಲ್ಲ. ನಿಮ್ಮ 17 ವರ್ಷದ ಫಿಲ್ಲಿಂಗ್ ಗಟ್ಟಿಯಾಗಿ ಕೂತಿರುವುದರ ಗುಟ್ಟು ಇದು.

ಕಾಂಪೋಸಿಟ್ ನಿಲ್ಲುವುದು ಅಂಟಿನಿಂದ. ಅಂಟು ಹಿಡಿಯಿತೋ, ಗೆದ್ದಿರಿ. ಹಿಡಿಯಲಿಲ್ಲವೋ, ಎಷ್ಟೇ ದುಬಾರಿ ಕಂಪನಿಯ ಕಾಂಪೋಸಿಟ್ ತಂದರೂ ಅದು ಇವತ್ತಲ್ಲ ನಾಳೆ ಬೀಳುತ್ತದೆ.

ಈ ಅಂಟಿಸುವ ವಿದ್ಯೆ ಬಂದ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದ ರಾಚೆಸ್ಟರ್‌ನಲ್ಲಿ ಮೈಕೆಲ್ ಬ್ಯೂನೋಕೋರ್ ಎಂಬ ದಂತವೈದ್ಯ ಇದ್ದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಸಿಡ್ ಹಚ್ಚುತ್ತಿದ್ದರು. ಹಲ್ಲಿಗೂ ಇದನ್ನೇ ಮಾಡಿದರೆ ಹೇಗೆ ಎಂದು ಬ್ಯೂನೋಕೋರ್ ಯೋಚಿಸಿದರು. 85 ಶೇಕಡಾ ಆಸಿಡ್ಡನ್ನು 30 ಸೆಕೆಂಡ್ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರದ ಮೇಲೆ ಹಚ್ಚಿ ತೊಳೆದು ನೋಡಿದರು. ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತು ಅದಕ್ಕೆ ಹಿಡಿದು ಕೂತಿತು. 1955ರಲ್ಲಿ ಅದನ್ನು ಪ್ರಕಟಿಸಿದರು. ಬಣ್ಣ ಬಳಿಯುವವರ ಕಸುಬಿನಿಂದ ಕಡ ತಂದ ಉಪಾಯ ಇವತ್ತು ಪ್ರಪಂಚದ ಎಲ್ಲಾ ದಂತ ಚಿಕಿತ್ಸಾಲಯಗಳಲ್ಲಿ ನಡೆಯುತ್ತಿದೆ. ಈಗ ನಾವು ಬಳಸುವುದು ಸುಮಾರು 37 ಶೇಕಡಾ ಜೆಲ್, ಹೆಚ್ಚಾಗಿ ನೀಲಿ ಬಣ್ಣದ್ದು. ನಿಮ್ಮ ಹಲ್ಲಿಗೆ ಸೂಜಿಯಂಥ ತುದಿಯಿಂದ ಹಚ್ಚಿ, ಆಮೇಲೆ ನೀರು ಚಿಮ್ಮಿಸಿ ತೊಳೆದರಲ್ವಾ, ಅದೇ ಇದು.

ಎನಾಮಲ್ ತೂಕದಲ್ಲಿ 96 ಶೇಕಡಾ ಖನಿಜ. ಆಸಿಡ್ ತಾಗಿದಾಗ ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಏಳುತ್ತವೆ. ತೊಳೆದು ಒಣಗಿಸಿದರೆ ಆ ಜಾಗ ಸೀಮೆಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ. ಅದರ ಮೇಲೆ ಬಾಂಡಿಂಗ್ ಎಂಬ ತೆಳು ದ್ರವ ಹಚ್ಚಿದರೆ ಅದು ರಂಧ್ರಗಳಿಗೆ ಇಳಿಯುತ್ತದೆ, ಬೆಳಕು ಬಿಟ್ಟಾಗ ಅಲ್ಲೇ ಗಟ್ಟಿಯಾಗುತ್ತದೆ. ಸಾವಿರಾರು ಬೇರುಗಳು ಬಿಟ್ಟ ಹಾಗೆ. ಕಾಂಪೋಸಿಟ್ ಕೂರುವುದು ಆ ಬೇರುಗಳ ಮೇಲೆ.

ಈಗ ಯೋಚನೆ ಮಾಡಿ. ಆ ರಂಧ್ರಗಳಿಗೆ ಬಾಂಡಿಂಗ್ ಇಳಿಯುವ ಮೊದಲೇ ಜೊಲ್ಲು ಇಳಿದರೆ? ವಸಡಿನಿಂದ ಒಂದು ಹನಿ ರಕ್ತ ಬಂದರೆ? ಬಾಗಿಲು ಮುಚ್ಚಿದ ಹಾಗೆಯೇ. ತೊಳೆದು, ಮತ್ತೆ ಆಸಿಡ್ ಹಚ್ಚಿ, ಆ ಹಂತವನ್ನು ಇನ್ನೊಮ್ಮೆ ಮಾಡಬೇಕು. ಅವಸರದಲ್ಲಿ ಸುಮ್ನೆ ಒರೆಸಿ ಮುಂದೆ ಹೋದರೆ ಆ ದಿನಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಫಿಲ್ಲಿಂಗ್ ಕನ್ನಡಿಯಲ್ಲಿ ಚೆಂದವೇ ಕಾಣುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರ ಕೆಳಗಿನ ಕೊನೆಯ ದವಡೆ ಹಲ್ಲಿಗೆ ಕಾಂಪೋಸಿಟ್ ಹಾಕಿದ್ದೆ. ನಾಲಗೆ ಒಂದು ಕಡೆ ನೂಕುತ್ತಿತ್ತು, ಜೊಲ್ಲು ತುಂಬಿಕೊಳ್ಳುತ್ತಿತ್ತು, ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು. ಹತ್ತಿ ಬದಲಾಯಿಸಿ, ಒರೆಸಿ, ಮುಗಿಸಿಬಿಟ್ಟೆ. ನಾಲ್ಕು ತಿಂಗಳಿಗೆ ಅವರು ಆ ಫಿಲ್ಲಿಂಗನ್ನು ಇಡಿಯಾಗಿ ಕಾಗದದಲ್ಲಿ ಸುತ್ತಿಕೊಂಡು ತಂದರು. ಒಂದು ಚೂರೂ ಮುರಿದಿರಲಿಲ್ಲ. ನನ್ನ ಕೆಲಸದ ಅಚ್ಚು ಹಾಗೇ ಕೈಗೆ ಬಂದಿತ್ತು.

ಹೀಗಾಗಿ ಫಿಲ್ಲಿಂಗ್ ಬಿದ್ದಾಗ ಒಂದು ವಿಷಯ ನೋಡಿ. ಇಡಿಯಾಗಿ ಕಳಚಿ ಬಂತೋ, ಒಡೆದು ಚೂರಾಯಿತೋ? ಇಡಿಯಾಗಿ ಬಂದರೆ ಹೆಚ್ಚಿನ ಸಲ ಅಂಟು ಸೋತಿದೆ. ಅರ್ಧ ಹಲ್ಲಿನಲ್ಲೇ ಉಳಿದು ಅರ್ಧ ಮುರಿದಿದ್ದರೆ ಅಂಟು ಸರಿಯಿದೆ, ಅದರ ಮೇಲೆ ಬೀಳುವ ಒತ್ತಡ ಜಾಸ್ತಿ. ಮುಂದಿನ ಹಲ್ಲಿನಲ್ಲಿ ಎರಡೂ ಆಗುತ್ತವೆ. ಉಗುರು ಕಚ್ಚುವುದು, ಹಲ್ಲಿನಿಂದ ದಾರ ಕತ್ತರಿಸುವುದು, ಪ್ಯಾಕೆಟ್ ಹರಿಯುವುದು, ಪೆನ್ನು ಕಡಿಯುವುದು, ರಾತ್ರಿ ಹಲ್ಲು ಕಡಿಯುವುದು. ಇವುಗಳಲ್ಲಿ ಯಾವುದಾದರೂ ನಿಮಗೆ ಇದೆಯಾ? ಕೆಳಗಿನ ಹಲ್ಲು ಬಂದು ತಾಗುವ ಜಾಗವೂ ಮುಖ್ಯ. ಅದು ಸರಿಯಾಗಿ ಜೋಡಣೆಯ ಗೆರೆಯ ಮೇಲೇ ಬಡಿಯುತ್ತಿದ್ದರೆ ಯಾವ ಅಂಟೂ ಬಹಳ ದಿನ ತಡೆಯುವುದಿಲ್ಲ.

ಮೂರನೇ ಸಲ ಮಾಡಿಸುವಾಗ ಡಾಕ್ಟರಿಗೆ ಹಿಂದಿನ ಎರಡೂ ಸಲದ ಕಥೆ ಹೇಳಿ. ಮುರಿದ ಅಂಚನ್ನು ಸ್ವಲ್ಪ ಓರೆಯಾಗಿ ತೀಡಿ, ಆರೋಗ್ಯವಾಗಿರುವ ಎನಾಮಲ್ ಮೇಲೆ ಒಂದೆರಡು ಮಿಲಿಮೀಟರ್ ಹೊರಗೂ ಹರಡಿ ಕಟ್ಟಿದರೆ ಅಂಟಿಗೆ ಸಿಗುವ ಜಾಗ ಹೆಚ್ಚುತ್ತದೆ, ಜೋಡಣೆಯ ಗೆರೆಯೂ ಕಾಣಿಸುವುದಿಲ್ಲ. ವಸಡು ಊದಿ ರಕ್ತ ಬರುತ್ತಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ, ಒಂದೆರಡು ವಾರ ಬಿಟ್ಟು ಬನ್ನಿ. ಹಲ್ಲು ಬೆಳ್ಳಗಾಗಿಸುವ ಬ್ಲೀಚಿಂಗ್ ಮಾಡಿಸಿದ್ದರೂ ಅಷ್ಟೇ, ಎರಡು ವಾರ ಕಾಯಬೇಕು. ಬ್ಲೀಚಿಂಗ್ ಆದ ಹಲ್ಲಿನಲ್ಲಿ ಕೆಲವು ದಿನ ಆಕ್ಸಿಜನ್ ಉಳಿದಿರುತ್ತದೆ, ಅದು ಬಾಂಡಿಂಗ್ ಗಟ್ಟಿಯಾಗಲು ಬಿಡುವುದಿಲ್ಲ. ಬ್ಲೀಚಿಂಗ್ ಮಾಡಿಸುವ ಆಸೆ ಇದ್ದರೆ ಫಿಲ್ಲಿಂಗ್‌ಗಿಂತ ಮೊದಲೇ ಮಾಡಿಸಿ. ಯಾಕೆಂದರೆ ಕಾಂಪೋಸಿಟ್ ಆಮೇಲೆ ಬೆಳ್ಳಗಾಗುವುದಿಲ್ಲ. ಹಲ್ಲು ಮಾತ್ರ ಬೆಳ್ಳಗಾಗಿ ಫಿಲ್ಲಿಂಗ್ ಹಳದಿ ತೇಪೆಯ ಹಾಗೆ ಉಳಿಯುತ್ತದೆ.

ನಿಮಗಲ್ಲದಿದ್ದರೂ ಮನೆಯಲ್ಲಿ ಮಕ್ಕಳಿದ್ದರೆ ಉಪಯೋಗಕ್ಕೆ ಬರುವ ಒಂದು ಮಾತು. ಬಿದ್ದು ಮುಂದಿನ ಹಲ್ಲು ಮುರಿದರೆ ಆ ಚೂರನ್ನು ಹುಡುಕಿ, ನೀರಿನಲ್ಲೋ ಹಾಲಿನಲ್ಲೋ ಹಾಕಿ ತನ್ನಿ. ಎಷ್ಟೋ ಸಲ ಅದೇ ಚೂರನ್ನು ಇದೇ ವಿದ್ಯೆಯಿಂದ ವಾಪಸ್ ಅಂಟಿಸಬಹುದು. ಅದಕ್ಕಿಂತ ಚೆನ್ನಾಗಿ ಬಣ್ಣ ಹೊಂದುವ ವಸ್ತು ಇನ್ನೊಂದಿಲ್ಲ.

ಬಣ್ಣದ ಮಾತು ಬಂದಿದ್ದರಿಂದ ಹೇಳುತ್ತೇನೆ. ಹಲ್ಲು ಒಣಗಿದಂತೆ ಬೆಳ್ಳಗಾಗುತ್ತದೆ. ಅದಕ್ಕೆ ಬಣ್ಣದ ಮಾದರಿ ಪಟ್ಟಿ ಹಿಡಿದು ನೋಡುವ ಕೆಲಸ ಕುರ್ಚಿಯಲ್ಲಿ ಕೂತ ತಕ್ಷಣ, ಹಲ್ಲು ಒದ್ದೆ ಇರುವಾಗಲೇ ಆಗಬೇಕು. ಕೆಲಸ ಮುಗಿದ ದಿನ ಫಿಲ್ಲಿಂಗ್ ಸ್ವಲ್ಪ ಕಪ್ಪಾಗಿ ಕಂಡರೆ ಗಾಬರಿ ಬೇಡ. ಒಂದು ದಿನ ಬಿಟ್ಟು ನೋಡಿ. ಹಲ್ಲು ನೀರು ಹೀರಿ ತನ್ನ ಬಣ್ಣಕ್ಕೆ ಬಂದಿರುತ್ತದೆ.

ಈಗ ದವಡೆ ಹಲ್ಲಿಗೆ ಬರೋಣ. ಇಲ್ಲಿ ಕೆಲಸ ಕಷ್ಟ. ಎನಾಮಲ್‌ಗೆ ಅಂಟಿಸುವುದು ಸುಲಭ. ಅದರ ಕೆಳಗಿನ ಡೆಂಟಿನ್‌ಗೆ ಅಂಟಿಸುವುದು ಹಾಗಲ್ಲ. ಡೆಂಟಿನ್‌ನಲ್ಲಿ ಖನಿಜ ಸುಮಾರು 70 ಶೇಕಡಾ ಮಾತ್ರ, ಉಳಿದದ್ದು ನಾರು ಮತ್ತು ನೀರು. ಒಂದೊಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಸಣ್ಣ ಕೊಳವೆಗಳು ನರದ ಕಡೆಗೆ ಹೋಗುತ್ತವೆ, ಎಲ್ಲದರಲ್ಲೂ ದ್ರವ. ಆಸಿಡ್ ಹಚ್ಚಿದಾಗ ಖನಿಜ ಕರಗಿ ನಾರಿನ ಬಲೆ ಉಳಿಯುತ್ತದೆ. ಅದನ್ನು ಪೂರಾ ಒಣಗಿಸಿದರೆ ನೀರಿನಿಂದ ಎತ್ತಿದ ಪಾಚಿಯ ಹಾಗೆ ಮುದ್ದೆಯಾಗಿ ಬೀಳುತ್ತದೆ, ಬಾಂಡಿಂಗ್ ಒಳಗೆ ಹೋಗುವುದಿಲ್ಲ. ನೀರು ಜಾಸ್ತಿ ಉಳಿದರೂ ಹೋಗುವುದಿಲ್ಲ. ಪಸೆ ಇರಬೇಕು, ನೀರು ನಿಂತಿರಬಾರದು. 1982ರಲ್ಲಿ ಜಪಾನಿನ ನಕಬಯಾಶಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಈ ನಾರು ಮತ್ತು ರೆಸಿನ್ ಬೆರೆತ ತೆಳು ಪದರವನ್ನು ವಿವರಿಸಿದರು. ಹೈಬ್ರಿಡ್ ಲೇಯರ್ ಎಂದು ಅದಕ್ಕೆ ಹೆಸರು. ಡೆಂಟಿನ್ ಮೇಲೆ ಫಿಲ್ಲಿಂಗ್ ನಿಲ್ಲುವುದು ಆ ಪದರದ ಬಲದಿಂದ. ಈಗ ಆಸಿಡ್ಡೂ ಅಂಟೂ ಒಂದೇ ಬಾಟಲಿಯಲ್ಲಿರುವ ಬಾಂಡಿಂಗ್‌ಗಳು ಬಂದಿವೆ. ಅವು ಡೆಂಟಿನ್ ವಿಷಯದಲ್ಲಿ ಈ ತಲೆನೋವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿವೆ. ಎನಾಮಲ್ ಅಂಚಿಗೆ ಮಾತ್ರ ಜೆಲ್ ಬೇರೆಯಾಗಿ ಹಚ್ಚುವುದನ್ನು ನಾನಂತೂ ಬಿಟ್ಟಿಲ್ಲ.

ಇನ್ನು ಆ ಪೇಸ್ಟ್ ಏನು? ರೆಸಿನ್‌ನಲ್ಲಿ ಗಾಜಿನ ಮತ್ತು ಸಿಲಿಕಾದ ಪುಡಿ ಕಲಸಿದ್ದು. ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಪುಡಿಯೇ ಇರುತ್ತದೆ. ರಾಫೆಲ್ ಬೋವೆನ್ ಎಂಬ ಅಮೆರಿಕದ ಸಂಶೋಧಕರು ಇದಕ್ಕೆ ಬೇಕಾದ ರೆಸಿನ್ ತಯಾರಿಸಿ 1962ರಲ್ಲಿ ಪೇಟೆಂಟ್ ಪಡೆದರು. ಪುಡಿ ರೆಸಿನ್‌ಗೆ ಕಚ್ಚಿಕೊಳ್ಳಲಿ ಎಂದು ಪ್ರತಿ ಕಣಕ್ಕೂ ಸೈಲೇನ್ ಎಂಬ ಲೇಪ ಕೊಟ್ಟರು. ಮೊದಮೊದಲ ಕಾಂಪೋಸಿಟ್‌ಗಳು ದವಡೆಯಲ್ಲಿ ಬೇಗ ಸವೆಯುತ್ತಿದ್ದವು. ಬಿಳಿ ಫಿಲ್ಲಿಂಗ್ ದವಡೆಗೆ ಆಗದು ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಈಗ ಕಣಗಳು ತುಂಬಾ ಸಣ್ಣವು, ಸವೆತ ದೊಡ್ಡ ಸಮಸ್ಯೆಯಾಗಿ ಉಳಿದಿಲ್ಲ. ಆದ್ದರಿಂದ ಆಗಿಬರುತ್ತದಾ ಎಂಬ ಪ್ರಶ್ನೆಗೆ, ಹೌದು, ಆಗಿಬರುತ್ತದೆ.

ಇವತ್ತಿಗೂ ಉಳಿದಿರುವ ಸಮಸ್ಯೆ ಬೇರೆ. ಗಟ್ಟಿಯಾಗುವಾಗ ಕಾಂಪೋಸಿಟ್ ಕುಗ್ಗುತ್ತದೆ. ಗಾತ್ರದಲ್ಲಿ 2ರಿಂದ 3 ಶೇಕಡಾ ಅಂದುಕೊಳ್ಳಿ. ಕೇಳಲು ಏನೂ ಅಲ್ಲ. ಆದರೆ ಗುಂಡಿಯ ಎಲ್ಲಾ ಗೋಡೆಗಳಿಗೂ ಅಂಟಿಕೊಂಡು ಕುಗ್ಗುವ ವಸ್ತು ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಗೋಡೆ ಬಗ್ಗದಿದ್ದರೆ ಅಂಟು ಬಿಡುತ್ತದೆ, ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಅದಕ್ಕೇ ಒಂದೇ ಸಲ ತುಂಬುವುದಿಲ್ಲ. 2 ಮಿಲಿಮೀಟರ್ ಮೀರದ ಪದರಗಳನ್ನು ಓರೆ ಓರೆಯಾಗಿ ಇಟ್ಟು, ಒಂದೊಂದಕ್ಕೂ ನೀಲಿ ಬೆಳಕು ಬಿಡುತ್ತೇವೆ. ಬೆಳಕು ಆಳಕ್ಕೆ ತಲುಪಬೇಕು ಎಂಬುದೂ ಒಂದು ಕಾರಣ. ಪೇಸ್ಟಿನಲ್ಲಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು 468 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಹೀರಿ ರೆಸಿನ್ ಹೆಣೆದುಕೊಳ್ಳುವ ಕ್ರಿಯೆಯನ್ನು ಶುರು ಮಾಡುತ್ತದೆ. ಬೆಳಕು ತಲುಪದ ಕಡೆ ಪೇಸ್ಟ್ ಮೇಲೆ ಗಟ್ಟಿ, ಕೆಳಗೆ ಹಸಿ. 4 ಮಿಲಿಮೀಟರ್ ದಪ್ಪ ಹಾಕಬಹುದಾದ ಬಲ್ಕ್ ಫಿಲ್ ಎಂಬ ಜಾತಿಯೂ ಈಗ ಇದೆ. ಅದನ್ನು ಬಳಸಿದರೆ ಕಳಪೆ ಕೆಲಸ ಎಂದು ತಿಳಿಯಬೇಡಿ. ಆ ಕಿತ್ತಳೆ ಬಣ್ಣದ ಕನ್ನಡಕ ಕೊಟ್ಟರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಆ ಬೆಳಕನ್ನು ನೇರ ನೋಡುವುದು ಕಣ್ಣಿಗೆ ಒಳ್ಳೆಯದಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಬಿಳಿ ಫಿಲ್ಲಿಂಗ್‌ಗೆ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯಿತು ಎಂದು ಬೇಸರ ಮಾಡಿಕೊಳ್ಳುವವರು ತುಂಬಾ ಜನ. ಸಂದಿಯ ಹುಳುಕಿಗೆ ಹತ್ತು ನಿಮಿಷದಲ್ಲಿ ಮುಗಿಸಿ ಕಳಿಸಿದರೆ ನನಗೆ ಭಯವಾಗುತ್ತದೆ.

ನಿಮ್ಮ ಹುಳುಕು ಇರುವುದು ಎರಡು ಹಲ್ಲುಗಳ ನಡುವೆ. ಅಂದರೆ ಒಂದು ಪಕ್ಕದ ಗೋಡೆಯನ್ನೇ ಹೊಸದಾಗಿ ಕಟ್ಟಬೇಕು. ಅದಕ್ಕೆ ಹಲ್ಲಿನ ಸುತ್ತ ತೆಳು ಲೋಹದ ಪಟ್ಟಿ ಹಾಕಿ, ಸಂದಿಗೆ ಒಂದು ಬೆಣೆ ತೂರಿಸುತ್ತಾರೆ. ಕೆಲವೊಮ್ಮೆ ಮೇಲೊಂದು ಸ್ಪ್ರಿಂಗ್ ಉಂಗುರ. ಬೆಣೆ ಪಟ್ಟಿಯನ್ನು ವಸಡಿನ ಹತ್ತಿರ ಬಿಗಿ ಹಿಡಿಯುತ್ತದೆ. ಉಂಗುರ ಹಲ್ಲುಗಳನ್ನು ಚೂರೇ ಚೂರು ದೂರ ತಳ್ಳುತ್ತದೆ. ಪಟ್ಟಿ ತೆಗೆದ ಮೇಲೆ ಹಲ್ಲುಗಳು ವಾಪಸ್ ಬಂದು ಒಂದಕ್ಕೊಂದು ಒತ್ತಿ ನಿಲ್ಲಬೇಕು. ಬೆಳ್ಳಿಯನ್ನು ಒತ್ತಿ ಪಟ್ಟಿಯನ್ನು ಪಕ್ಕದ ಹಲ್ಲಿಗೆ ತಳ್ಳಬಹುದಿತ್ತು, ಕಾಂಪೋಸಿಟ್ ಮೆತ್ತಗಿರುವುದರಿಂದ ಆ ಒತ್ತಡ ಸಿಗುವುದಿಲ್ಲ. ಹೀಗಾಗಿ ಈ ಸಲಕರಣೆ ಇಲ್ಲದೆ ಕಟ್ಟಿದ ಗೋಡೆಯಲ್ಲಿ ಸಂದಿ ಉಳಿಯುತ್ತದೆ. ಪ್ರತಿ ಊಟದಲ್ಲೂ ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ, ವಸಡು ನೋಯುತ್ತದೆ, ಪಕ್ಕದ ಹಲ್ಲೂ ಹುಳುಕಾಗುತ್ತದೆ. ಮನೆಗೆ ಬಂದ ಮೇಲೆ ಫ್ಲಾಸ್ (ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರ) ಹಾಕಿ ನೋಡಿ. ಟಕ್ ಎಂದು ಬಿಗಿಯಾಗಿ ಇಳಿಯಬೇಕು, ಹರಿಯದೆ ಹೊರಗೆ ಬರಬೇಕು. ಸಲೀಸಾಗಿ ಜಾರಿ ಹೋದರೆ, ಎಳೆ ಎಳೆಯಾಗಿ ಹರಿದರೆ, ಹೋಗಿ ತೋರಿಸಿ. ಮತ್ತೆ ಮಾಡಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಏನೂ ಬೇಡ.

ಸಂದಿಯ ಗುಂಡಿಯ ತಳ, ವಸಡಿನ ಹತ್ತಿರದ ಜಾಗ, ಇಡೀ ಕೆಲಸದಲ್ಲೇ ಅತಿ ದುರ್ಬಲ. ಅಲ್ಲಿ ಎನಾಮಲ್ ತೆಳು, ಕೆಲವು ಸಲ ಇರುವುದೇ ಇಲ್ಲ. ಬೆಳಕಿನ ತುದಿ ಅಲ್ಲಿಂದ ದೂರ. ಜೊಲ್ಲು, ರಕ್ತ ಎರಡೂ ಹತ್ತಿರ. ಹೊಸ ಹುಳುಕು ಶುರುವಾಗುವುದೂ ಹೆಚ್ಚಾಗಿ ಅಲ್ಲೇ. ಹಾಗಾಗಿ ನೀವು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಯಾವ ಕಂಪನಿಯ ಕಾಂಪೋಸಿಟ್ ಎಂಬುದಲ್ಲ. “ಹಲ್ಲನ್ನು ಒಣಗಿಸಿ ಇಡಲು ಏನು ಮಾಡುತ್ತೀರಿ? ರಬ್ಬರ್ ಡ್ಯಾಮ್ ಹಾಕುತ್ತೀರಾ?” ಎಂದು ಕೇಳಿ. ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ ತೂತು ಮಾಡಿದ ರಬ್ಬರ್ ಹಾಳೆ ಅದು. 1864ರಲ್ಲೇ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ದಂತವೈದ್ಯರು ಬಳಕೆಗೆ ತಂದದ್ದು. ಅಷ್ಟು ಹಳೆಯದಾದರೂ ಅದಕ್ಕಿಂತ ಒಳ್ಳೆಯ ಉಪಾಯ ಬಂದಿಲ್ಲ. ಲ್ಯಾಟೆಕ್ಸ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಲ್ಯಾಟೆಕ್ಸ್ ಇಲ್ಲದ ಹಾಳೆಯೂ ಸಿಗುತ್ತದೆ. ಡ್ಯಾಮ್ ಇಲ್ಲದೆ ಒಳ್ಳೆಯ ಕೆಲಸ ಆಗುವುದೇ ಇಲ್ಲ ಎಂದು ಹೇಳಲಾರೆ. ಹತ್ತಿ, ಜೊಲ್ಲು ಹೀರುವ ನಳಿಗೆ, ಚುರುಕಾದ ಸಹಾಯಕರು ಇದ್ದರೆ ಮೇಲಿನ ಹಲ್ಲುಗಳಲ್ಲಿ ಚೆನ್ನಾಗಿಯೇ ಆಗುತ್ತದೆ. ಕೆಳಗಿನ ದವಡೆಗೆ, ಅದೂ ಸಂದಿಯ ಹುಳುಕಿಗೆ, ನನ್ನ ಹಲ್ಲಾಗಿದ್ದರೆ ಡ್ಯಾಮ್ ಹಾಕಿ ಎಂದೇ ಹೇಳುತ್ತಿದ್ದೆ.

ಒಣಗಿಸಲು ಆಗದ ಜಾಗಗಳೂ ಇವೆ. ಹುಳುಕು ವಸಡಿನ ಒಳಗೆ ಇಳಿದಿರಬಹುದು, ವಯಸ್ಸಾದವರಿಗೆ ಬಾಯಿ ತುಂಬಾ ಹೊತ್ತು ತೆರೆದಿಡಲು ಆಗದಿರಬಹುದು. ಆಗ ಗ್ಲಾಸ್ ಅಯೋನೊಮರ್ ಎಂಬ ಸಿಮೆಂಟ್ ಒಳ್ಳೆಯದು. ಅದು ಹಲ್ಲಿಗೆ ತಾನಾಗಿ ಹಿಡಿಯುತ್ತದೆ, ಸ್ವಲ್ಪ ಪಸೆ ಇದ್ದರೂ ಸಹಿಸುತ್ತದೆ, ಫ್ಲೋರೈಡ್ ಬಿಡುತ್ತದೆ. ಶಕ್ತಿ, ಹೊಳಪು ಎರಡರಲ್ಲೂ ಕಾಂಪೋಸಿಟ್‌ಗಿಂತ ಕಡಿಮೆ. ಇನ್ನೊಂದು ತುದಿಯಲ್ಲಿ, ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ, ಕಡಿಯುವ ದಿಬ್ಬಗಳೇ ಮುರಿದಿದ್ದರೆ, ಬರೀ ಫಿಲ್ಲಿಂಗ್‌ನಿಂದ ತಡೆಯುವುದಿಲ್ಲ. ಆನ್‌ಲೇ (ಕಡಿಯುವ ಭಾಗವನ್ನು ಮುಚ್ಚುವ ತುಂಡು) ಅಥವಾ ಇಡೀ ಹಲ್ಲಿಗೆ ಕ್ಯಾಪ್ ಬೇಕಾಗುತ್ತದೆ. ನರಕ್ಕೇ ಸೋಂಕು ತಾಗಿದ್ದರೆ ಮೊದಲು ರೂಟ್ ಕೆನಾಲ್. ಎಕ್ಸ್‌ರೇಯಲ್ಲಿ ಹುಳುಕು ನರದಿಂದ ಎಷ್ಟು ದೂರ ಇದೆ ಎಂದು ತೋರಿಸಲು ಹೇಳಿ, ನಿಮಗೂ ಕಾಣುತ್ತದೆ. ನರದ ಹತ್ತಿರ ಇದ್ದು ನೋವಿಲ್ಲದಿದ್ದರೆ ತಳದಲ್ಲಿ ಸ್ವಲ್ಪ ಮೆತ್ತನೆಯ ಭಾಗವನ್ನು ಬೇಕೆಂದೇ ಬಿಟ್ಟು ಮೇಲೆ ಬಿಗಿಯಾಗಿ ಮುಚ್ಚುವ ಪದ್ಧತಿ ಈಗ ಇದೆ. “ಹುಳುಕು ಪೂರ್ತಿ ತೆಗೆಯಲಿಲ್ಲ” ಎಂದು ಯಾರಾದರೂ ಹೆದರಿಸಿದರೆ ಇದು ನೆನಪಿರಲಿ. ಅಂಚುಗಳು ಗಟ್ಟಿ ಇದ್ದು ಮುಚ್ಚುಗೆ ಬಿಗಿ ಇದ್ದರೆ ಒಳಗೆ ಉಳಿದ ಸೂಕ್ಷ್ಮಜೀವಿಗಳಿಗೆ ಊಟ ಸಿಗುವುದಿಲ್ಲ.

ಬೆಳ್ಳಿ ಫಿಲ್ಲಿಂಗ್ ತೆಗೆಸಬೇಕಾ? ನನ್ನ ಉತ್ತರ: ಬೇಡ. ಅದರಲ್ಲಿ ಪಾದರಸ ಇರುವುದು ನಿಜ, ತೂಕದಲ್ಲಿ ಹೆಚ್ಚುಕಡಿಮೆ ಅರ್ಧ. ಆದರೆ ಬೆಳ್ಳಿ, ತವರ, ತಾಮ್ರದ ಜೊತೆ ಸೇರಿ ಗಟ್ಟಿಯಾಗಿರುತ್ತದೆ. ಹೊರಗೆ ಬರುವ ಆವಿ ಬಹಳ ಸ್ವಲ್ಪ. ಅದನ್ನು ಕೊರೆದು ತೆಗೆಯುವಾಗಲೇ ಆವಿ ಜಾಸ್ತಿ ಏಳುವುದು. ಅಮೆರಿಕದ ಔಷಧ, ವೈದ್ಯಕೀಯ ಸಲಕರಣೆಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಆರು ವರ್ಷದೊಳಗಿನ ಮಕ್ಕಳು, ಕಿಡ್ನಿ ಅಥವಾ ನರರೋಗ ಇರುವವರು ಇಂಥ ಫಿಲ್ಲಿಂಗನ್ನು ಹೊಸದಾಗಿ ಹಾಕಿಸದಿರುವುದು ಒಳ್ಳೆಯದು ಎಂದಿತು. ಅದೇ ಉಸಿರಿನಲ್ಲಿ, ಚೆನ್ನಾಗಿರುವ ಹಳೆಯದನ್ನು ವೈದ್ಯಕೀಯ ಕಾರಣ ಇಲ್ಲದೆ ತೆಗೆಸಬೇಡಿ ಎಂದೂ ಹೇಳಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಬೆಳ್ಳಿ ಫಿಲ್ಲಿಂಗ್ ನಿಂತಿದೆ, ತೀರಾ ಅಗತ್ಯ ಇರುವ ರೋಗಿಗಳನ್ನು ಬಿಟ್ಟು. ಅದರ ಹಿಂದೆ ಇರುವುದು ಮುಖ್ಯವಾಗಿ ಪಾದರಸ ನೀರು, ಮಣ್ಣು ಸೇರಬಾರದು ಎಂಬ ಪರಿಸರದ ಕಾಳಜಿ. ನಿಮ್ಮ ಬಾಯಲ್ಲಿರುವುದನ್ನು ಕಿತ್ತು ಹಾಕಿ ಎಂದು ಅದರ ಅರ್ಥ ಅಲ್ಲ. ಪ್ರತಿ ಸಲ ಫಿಲ್ಲಿಂಗ್ ಬದಲಿಸಿದಾಗಲೂ ಗುಂಡಿ ಸ್ವಲ್ಪ ದೊಡ್ಡದಾಗುತ್ತದೆ. ಅಂಚಿನಲ್ಲಿ ಹುಳುಕು ಬಂದರೆ, ಹಲ್ಲು ಬಿರುಕು ಬಿಟ್ಟರೆ, ಫಿಲ್ಲಿಂಗ್ ಮುರಿದರೆ ಆಗ ಬದಲಿಸಿ. ನಗುವಾಗ ಕಪ್ಪು ಕಾಣುತ್ತದೆ ಎಂಬ ಬೇಸರ ಇದ್ದರೆ ಅದು ನಿಮ್ಮ ಇಷ್ಟ. ಆಗ ಕಾರಣ ಅಂದ, ಆರೋಗ್ಯವಲ್ಲ ಎಂದು ಗೊತ್ತಿದ್ದೇ ಮಾಡಿಸಿ.

ಪಾದರಸದ ಭಯ ಇದ್ದವರು ಆಮೇಲೆ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಬಿಪಿಎ ಎಂಬ ರಾಸಾಯನಿಕದ ಬಗ್ಗೆ ಕೇಳುತ್ತಾರೆ. ಕೆಲವು ರೆಸಿನ್‌ಗಳಿಂದ ಅದು ಅತ್ಯಲ್ಪ ಪ್ರಮಾಣದಲ್ಲಿ ಮೊದಲ ಕೆಲವು ಗಂಟೆ ಜೊಲ್ಲಿಗೆ ಬರುತ್ತದೆ, ಬೇಗ ಇಳಿಯುತ್ತದೆ. ಗಾಳಿ ತಾಗಿದ ಮೇಲ್ಪದರ ಪೂರ್ತಿ ಗಟ್ಟಿಯಾಗದೆ ಜಿಗುಟಾಗಿರುತ್ತದೆ. ಅದನ್ನು ತೀಡಿ ಪಾಲಿಶ್ ಮಾಡಿ, ಬಾಯಿ ಮುಕ್ಕಳಿಸಿ ಉಗುಳಿದರೆ ಇನ್ನೂ ಕಡಿಮೆ.

ಎಷ್ಟು ವರ್ಷ ಬಾಳುತ್ತದೆ? ಚೆನ್ನಾಗಿ ಮಾಡಿದ ಚಿಕ್ಕ, ಮಧ್ಯಮ ಗಾತ್ರದ ಕಾಂಪೋಸಿಟ್ ಹತ್ತು ವರ್ಷ ಬಾಳುವುದು ದೊಡ್ಡ ವಿಷಯವಲ್ಲ. 20 ದಾಟಿದವೂ ಇವೆ. ಫಿಲ್ಲಿಂಗ್ ದೊಡ್ಡದಾದಷ್ಟೂ ಆಯುಸ್ಸು ಕಡಿಮೆ. ಬೆಳ್ಳಿಯ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ಕಾಂಪೋಸಿಟ್ ಅಂಚಿನಲ್ಲಿ ಮತ್ತೆ ಹುಳುಕಾಗುವುದು ಜಾಸ್ತಿ ಕಂಡಿದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಅದಕ್ಕೇ ನಾನು ಹಲ್ಲಿಗಿಂತ ಮೊದಲು ಬಾಯಿ ನೋಡುತ್ತೇನೆ. ಬಾಯಿಯ ಪಿಎಚ್ (ಆಮ್ಲತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) 5.5ಕ್ಕಿಂತ ಕೆಳಗೆ ಇಳಿದಾಗ ಎನಾಮಲ್ ಕರಗಲು ಶುರು. ಸಿಹಿ ತಿಂದ ಪ್ರತಿ ಸಲವೂ ಅದು ಇಳಿಯುತ್ತದೆ, ಮತ್ತೆ ಏರಲು ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಬೇಕು. ದಿನಕ್ಕೆ ಎಂಟು ಸಲ ಒಂದೊಂದು ಚೂರು ಸಿಹಿ ಬಾಯಿಗೆ ಹಾಕುವವರ ಫಿಲ್ಲಿಂಗ್, ಒಂದೇ ಸಲ ಹೊಟ್ಟೆ ತುಂಬ ತಿನ್ನುವವರದ್ದಕ್ಕಿಂತ ಬೇಗ ಕೆಡುತ್ತದೆ. ಸಂದಿಯನ್ನು ದಿನಾ ಸ್ವಚ್ಛ ಮಾಡದಿದ್ದರೂ ಅಷ್ಟೇ. ಕಾಂಪೋಸಿಟ್‌ಗೆ ಒಂದು ಒಳ್ಳೆಯ ಗುಣ ಇದೆ. ಅಂಚು ಸ್ವಲ್ಪ ಮುರಿದರೆ, ಕಲೆ ಹಿಡಿದರೆ, ಇಡೀ ಫಿಲ್ಲಿಂಗ್ ತೆಗೆಯಬೇಕಾಗಿಲ್ಲ. ಆ ಭಾಗ ಕೆರೆದು ಹೊಸದನ್ನು ಅದಕ್ಕೇ ಅಂಟಿಸಬಹುದು. ಅಂಚಿನ ಕಂದು ಗೆರೆ ಕಂಡ ತಕ್ಷಣ ಎಲ್ಲಾ ತೆಗೆಯೋಣ ಎಂದರೆ, ಇದು ಬರೀ ಕಲೆಯೋ ಹುಳುಕೋ ಎಂದು ಒಂದು ಮಾತು ಕೇಳಿ.

ಕೊನೆಗೆ ನಿಮ್ಮ ಸ್ನೇಹಿತರ ನೋವು. ಮರಗಟ್ಟಿರುವ ಬಾಯಲ್ಲಿ ಸರಿಯಾಗಿ ಕಚ್ಚಲು ಬರುವುದಿಲ್ಲ. ಕಾರ್ಬನ್ ಕಾಗದ ಕಚ್ಚಿಸಿ ನೋಡಿದರೂ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಎತ್ತರ ಉಳಿದುಬಿಡುತ್ತದೆ. ಮಾರನೇ ದಿನ ಕಚ್ಚಿದಾಗ ಎಲ್ಲಾ ಹಲ್ಲಿಗಿಂತ ಮೊದಲು ಅದೇ ತಾಗುತ್ತದೆ, ಚುಳ್ ಎನ್ನುತ್ತದೆ. ತಾನಾಗಿ ಸವೆಯಲಿ ಎಂದು ಕಾಯಬೇಡಿ. ವಾಪಸ್ ಹೋದರೆ ಎರಡು ನಿಮಿಷ ತೀಡಿ ಸರಿ ಮಾಡುತ್ತಾರೆ, ಆ ತೀಡುವಿಕೆಗೆ ಚುಚ್ಚುಮದ್ದೂ ಬೇಕಾಗಿಲ್ಲ. ತಣ್ಣಗಿನದು ತಾಗಿದಾಗ ಜುಮ್ ಎಂದು ತಕ್ಷಣ ಹೋಗುವುದು ಬೇರೆ. ಆಳದ ಫಿಲ್ಲಿಂಗ್‌ನಲ್ಲಿ ಅದು ಒಂದೆರಡು ವಾರ ಇರಬಹುದು, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರಬೇಕು. ಎತ್ತರ ಸರಿ ಮಾಡಿದ ಮೇಲೂ ಕಚ್ಚಿದರೆ ನೋವು ಹೋಗದಿದ್ದರೆ ಡೆಂಟಿನ್ ಮೇಲಿನ ಅಂಟು ಸರಿಯಾಗಿ ಕೂತಿಲ್ಲದಿರಬಹುದು, ಹಲ್ಲಿನಲ್ಲಿ ಬಿರುಕೂ ಇರಬಹುದು. ಬಿಸಿ ತಾಗಿದಾಗ ನೋವು ಬಂದು ನಿಮಿಷಗಟ್ಟಲೆ ನಿಂತರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ವಸಡು ಊದಿದರೆ ನರದ ತೊಂದರೆ ಎಂದು ತಿಳಿದು ಬೇಗ ತೋರಿಸಿ.

ಕಾಂಪೋಸಿಟ್ ಬೆಳಕು ಬಿಟ್ಟ ಕೂಡಲೇ ಗಟ್ಟಿಯಾಗಿರುತ್ತದೆ, ಮುಂದಿನ ಒಂದು ದಿನ ಒಳಗೊಳಗೇ ಇನ್ನಷ್ಟು ಗಟ್ಟಿಯಾಗುತ್ತದೆ. ಊಟಕ್ಕೆ ತೊಂದರೆ ಇಲ್ಲ. ಆದರೆ ಮರಗಟ್ಟಿದ್ದು ಬಿಡುವ ತನಕ ಏನೂ ಅಗಿಯಬೇಡಿ. ಫಿಲ್ಲಿಂಗ್‌ಗೆ ಏನೂ ಆಗುವುದಿಲ್ಲ, ಗೊತ್ತಾಗದೆ ನಿಮ್ಮ ತುಟಿ, ಕೆನ್ನೆಯನ್ನೇ ಕಚ್ಚಿಕೊಂಡು ಮಾರನೇ ದಿನ ಹುಣ್ಣು ತೋರಿಸಲು ಬರುತ್ತೀರಿ.